ಅಪ್ಪನ ರಿಪೋರ್ಟಿನ ವಿಷಯ

ಲೀಡ್ಸ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ರಘು,

ನಾವೆಲ್ಲ ಕ್ಷೇಮ. ಅಮ್ಮ, ಸುಮಾ, ಪುಟ್ಟಿ ಚೆನ್ನಾಗಿದ್ದಾರೆ ಅಂದುಕೊಂಡಿದ್ದೀನಿ. ನಿನ್ನ ಪತ್ರ ಓದಿದೆ, ಜೊತೆಗಿದ್ದ ರಿಪೋರ್ಟಿನ ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 11.4 ಬಂತು ಅಂತ ಅಪ್ಪನಿಗೆ ಕ್ಯಾನ್ಸರ್ ಅಂತ ಯಾರೂ ತೀರ್ಮಾನ ಮಾಡಬೇಡಿ. ಗಿರಿಜತ್ತೆಗೂ ಹೇಳು, ಊರಿಗೆಲ್ಲ ಫೋನ್ ಮಾಡೋದು ನಿಲ್ಲಿಸಲಿ.

ರಿಪೋರ್ಟಿನ ತಾರೀಖು ನೋಡು. ಮೂತ್ರ ಕಟ್ಟಿಕೊಂಡು ಒದ್ದಾಡಿ, ಮೂತ್ರ ಹೊರಬರೋಕೆ ಪೈಪ್ (ಕ್ಯಾಥೆಟರ್) ಹಾಕಿಸಿಕೊಂಡ ಮಾರನೇ ದಿನವೇ ರಕ್ತ ತೆಗೆದಿದ್ದಾರೆ. ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್, ಕ್ಯಾನ್ಸರ್ ಇಲ್ಲದವರಲ್ಲೂ ಇರುತ್ತೆ. ಗ್ರಂಥಿ ದೊಡ್ಡದಾದರೆ, ಸೋಂಕಾದರೆ, ಮೂತ್ರ ಕಟ್ಟಿದರೆ, ಕ್ಯಾಥೆಟರ್ ಹಾಕಿದರೆ ರಕ್ತದಲ್ಲಿ ಏರುತ್ತೆ. ಇವುಗಳಲ್ಲಿ ಮೂರು ಅಪ್ಪನಿಗೆ ಒಟ್ಟಿಗೇ ಆಗಿವೆ. ಆ ದಿನ ಆ ಟೆಸ್ಟು ಬರೆಯಲೇಬಾರದಿತ್ತು. ಲ್ಯಾಬಿನವರು ಪಕ್ಕದಲ್ಲಿ '4ರೊಳಗೆ' ಅಂತ ಅಚ್ಚು ಹಾಕಿರೋದನ್ನು ನೋಡಿ ನೀವೆಲ್ಲ ಕೂತು ಅತ್ತಿದ್ದೀರಿ, ಅಷ್ಟೆ.

ಹಾಗಂತ ಬಿಟ್ಟುಬಿಡೋದೂ ಬೇಡ. ಪೈಪ್ ತೆಗೆದು ಆರು ವಾರ ಆದ ಮೇಲೆ, ಮೂತ್ರದಲ್ಲಿ ಸೋಂಕಿಲ್ಲ ಅಂತ ಖಾತ್ರಿ ಮಾಡಿಕೊಂಡು ಇನ್ನೊಂದು ಸಲ ಮಾಡಿಸು. ಅದಕ್ಕೆ ಎರಡು ದಿನ ಮುಂಚಿನಿಂದ ಅಪ್ಪ ತೋಟಕ್ಕೆ ಸೈಕಲ್ ತುಳಿಯೋದು ಬೇಡ, ಸೀಟಿನ ಒತ್ತಡಕ್ಕೂ ಅಂಕಿ ಏರಬಹುದು. ಆಗಲೂ ಜಾಸ್ತಿ ಇದ್ದರೆ ಎಂಆರ್‌ಐ, ಬೇಕಾದರೆ ಬಯಾಪ್ಸಿ. ಡಾಕ್ಟರು ಗುದದ್ವಾರದಲ್ಲಿ ಬೆರಳು ಹಾಕಿ ನೋಡಿ ಗ್ರಂಥಿ ನುಣುಪಾಗಿದೆ, ಗಟ್ಟಿ ಗಂಟಿಲ್ಲ ಅಂತ ಬರೆದಿದ್ದಾರಲ್ಲ, ಅದು ಒಳ್ಳೇ ಲಕ್ಷಣ. ಅದೊಂದರಿಂದಲೇ ಪೂರ್ತಿ ನಿಶ್ಚಿಂತೆ ಅನ್ನೋಕಾಗಲ್ಲ, ಆದರೂ ಒಳ್ಳೇದೇ.

ಇದ್ದಕ್ಕಿದ್ದ ಹಾಗೆ ಹೇಗಾಯ್ತು ಅಂತ ಕೇಳಿದೀಯ. ಇದ್ದಕ್ಕಿದ್ದ ಹಾಗೆ ಆಗಿದ್ದಲ್ಲ ಕಣೋ. ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ ಈ ಗ್ರಂಥಿ ಇರುತ್ತೆ. ಹರೆಯದಲ್ಲಿ ಸುಮಾರು 20 ಗ್ರಾಂ, ಅಪ್ಪನ ಸ್ಕ್ಯಾನಿನಲ್ಲಿ 58. ತೋಟದ ಪೈಪನ್ನು ಯಾರೋ ಕಾಲಲ್ಲಿ ತುಳಿದು ನಿಂತ ಹಾಗೆ ನಾಳವನ್ನು ಒತ್ತುತ್ತಾ ಬಂದಿದೆ. ರಾತ್ರಿ ನಾಲ್ಕು ಸಲ ಏಳೋದು, ನಿಂತರೂ ಬೇಗ ಬರದೇ ಇರೋದು, ಸಣ್ಣ ಧಾರೆ, ಹೋಗಿ ಬಂದರೂ ಇನ್ನೂ ಇದೆ ಅನಿಸೋದು, ಇವನ್ನೆಲ್ಲ ಅಪ್ಪ ವಯಸ್ಸಾಯ್ತು ಅಂತ ತಳ್ಳಿಹಾಕಿಕೊಂಡು ಬಂದರು. ಶಂಕ್ರಣ್ಣನ ಮಗಳ ಮದುವೆಗೆ ಹೋದಾಗ ಶೀತಕ್ಕೆ ಅಂಗಡಿ ಮಾತ್ರೆ ನುಂಗಿದರು. ನೀನು ಮಾತ್ರೆ ಸ್ಟ್ರಿಪ್ಪಿನ ಫೋಟೊ ಕಳಿಸಿದ್ದು ಒಳ್ಳೇದಾಯ್ತು. ಅದರಲ್ಲಿರುವ ಫಿನೈಲೆಫ್ರಿನ್ ಮೂಗು ಬಿಡಿಸೋಕೆ ಅಂತ ಹಾಕಿರೋದು, ಆದರೆ ಮೂತ್ರಕೋಶದ ಬಾಯಿಯನ್ನು ಬಿಗಿ ಮಾಡುತ್ತೆ. ಜೊತೆಗಿರುವ ಕ್ಲೋರ್‌ಫೆನಿರಮೈನ್ ಮೂತ್ರಕೋಶ ಹಿಂಡುವ ಶಕ್ತಿಯನ್ನೇ ಕುಗ್ಗಿಸುತ್ತೆ. ಮೇಲೆ ಮೈಸೂರಿಂದ ಬಸ್ಸಿನಲ್ಲಿ ತಡೆದುಕೊಂಡು ಕೂತಿದ್ದರು. 400, 500 ಮಿಲಿ ಹಿಡಿಯುವ ಮೂತ್ರಕೋಶದಿಂದ ಅವತ್ತು 900 ತೆಗೆದಿದ್ದಾರೆ. ಅಷ್ಟು ತುಂಬಿದಾಗ ಒತ್ತಡ ಮೇಲೆ ಕಿಡ್ನಿಗೂ ಹೋಗುತ್ತೆ. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 2.1 ಆಗಿದ್ದು ಅದಕ್ಕೇ, ಪೈಪ್ ಹಾಕಿದ ಮೇಲೆ 1.3ಕ್ಕೆ ಇಳಿದಿದ್ದೂ ಅದಕ್ಕೇ. ಡಯಾಲಿಸಿಸ್ ಮಾತು ಯಾರೆತ್ತಿದರು? ಆ ಪ್ರಶ್ನೆಯೇ ಇಲ್ಲ. ಆ ಶೀತದ ಮಾತ್ರೆ ಮಾತ್ರ ಮನೆಯಲ್ಲೇ ಇರಬಾರದು.

ಈಗ ಪೈಪಿನ ವಿಷಯ, ಇದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳು. ಕಿತ್ತುಹಾಕ್ತೀನಿ ಅಂತ ಹಟ ಮಾಡ್ತಾರಂತಲ್ಲ. ಒಳಗೆ ತುದಿಯಲ್ಲಿ 10 ಮಿಲಿ ನೀರು ತುಂಬಿದ ಬಲೂನ್ ಇದೆ. ಸಿರಿಂಜಿನಿಂದ ಆ ನೀರು ತೆಗೆಯದೆ ಎಳೆದರೆ ನಾಳ ಹರಿದು ರಕ್ತ ಬರುತ್ತೆ. ಬ್ಯಾಗನ್ನು ಹಾಸಿಗೆ ಮೇಲೆ ಪಕ್ಕದಲ್ಲಿ ಇಟ್ಟುಕೊಂಡು ಮಲಗೋದು ಇವತ್ತಿಂದಲೇ ನಿಲ್ಲಬೇಕು. ಬ್ಯಾಗ್ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ವಾಪಸ್ ಹೋಗಿ ಸೋಂಕಾಗುತ್ತೆ. ಮಂಚದ ಪಟ್ಟಿಗೆ ನೇತುಹಾಕು, ನೆಲಕ್ಕೆ ತಾಗಬಾರದು. ಅರ್ಧ ದಾಟಿದ ಕೂಡಲೇ ಖಾಲಿ ಮಾಡಬೇಕು, ಮುಂಚೆ ಒಂದು ಸಲ ಆಮೇಲೆ ಒಂದು ಸಲ ಕೈ ತೊಳೆ. ದಿನಾ ಸ್ನಾನದಲ್ಲಿ ಪೈಪ್ ಹೊರಬರುವ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಬೇಕು, ಒರೆಸುವಾಗ ಮೈಯಿಂದ ಆಚೆಗೆ. ಮುಂದೊಗಲನ್ನು ಹಿಂದೆ ಸರಿಸಿ ತೊಳೆದರೆ ಮರೆಯದೆ ಮತ್ತೆ ಮುಂದಕ್ಕೆ ತರಬೇಕು. ಹಾಗೇ ಬಿಟ್ಟರೆ ಊದಿಕೊಂಡು ಬಿಗಿಯುತ್ತೆ, ಆಮೇಲೆ ಆಸ್ಪತ್ರೆಗೇ ಓಡಬೇಕು. ನಾಚಿಕೆ ಅಂತ ಇದನ್ನು ಯಾರೂ ಹೇಳಿಕೊಡಲ್ಲ, ಅದಕ್ಕೇ ಅಕ್ಕನೇ ಬರೀತಿದ್ದೀನಿ.

ಬ್ಯಾಗ್ ತುಂಬುತ್ತೆ ಅಂತ ನೀರು ಕಡಿಮೆ ಮಾಡಿದ್ದಾರಂತೆ. ತಪ್ಪು. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಲಿ. ಪೈಪಿನ ಪಕ್ಕದಿಂದ ಸೋರಿದರೆ ಮೊದಲು ಎಲ್ಲಾದರೂ ಮಡಚಿಕೊಂಡಿದೆಯಾ ನೋಡು, ಆಮೇಲೆ ಮಲ ಕಟ್ಟಿದೆಯಾ ಕೇಳು, ತುಂಬಿದ ಕರುಳೂ ಒತ್ತುತ್ತೆ. ಎರಡು ಮೂರು ಗಂಟೆ ಬ್ಯಾಗಿಗೆ ಒಂದು ಹನಿಯೂ ಬರದೆ ಕೆಳಹೊಟ್ಟೆ ಉಬ್ಬಿದರೆ, ಚಳಿ ನಡುಕದ ಜ್ವರ ಬಂದರೆ, ರಕ್ತದ ಗಡ್ಡೆ ಕಂಡರೆ ನನಗೆ ಮೆಸೇಜ್ ಮಾಡುತ್ತಾ ಕೂರಬೇಡ, ಸೀದಾ ಹೊರಡು.

ಟ್ಯಾಮ್ಸುಲೋಸಿನ್ 0.4 ಶುರು ಮಾಡಿದ್ದಾರೆ, ಸರಿಯಾದ ಮಾತ್ರೆ. ಗ್ರಂಥಿಯ ಸ್ನಾಯು ಸಡಿಲ ಮಾಡುತ್ತೆ, ಗ್ರಂಥಿಯನ್ನು ಕುಗ್ಗಿಸಲ್ಲ. ರಾತ್ರಿ ಊಟವಾದ ಮೇಲೆ ಕೊಡು. ಎದ್ದ ತಕ್ಷಣ ತಲೆ ಸುತ್ತಬಹುದು, ಮಂಚದ ಮೇಲೆ ಸ್ವಲ್ಪ ಕೂತು ಏಳಲಿ. ಇನ್ನೊಂದು, ಅಪ್ಪನ ಕಣ್ಣಿನ ಪೊರೆ ಆಪರೇಷನ್ ಬಾಕಿ ಇದೆಯಲ್ಲ, ಈ ಮಾತ್ರೆ ತಗೊಳ್ತಾ ಇದ್ದಾರೆ ಅಂತ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಆಪರೇಷನ್ ಮಾಡುವಾಗ ಪಾಪೆ ಸಡಿಲವಾಗಿ ತೊಂದರೆ ಕೊಡುತ್ತೆ. ಮಾತ್ರೆ ನಿಲ್ಲಿಸಿದ ಮೇಲೂ ಆ ಪರಿಣಾಮ ಉಳಿಯಬಹುದು, ಅದಕ್ಕೆ ನೀವೇ ನಿಲ್ಲಿಸೋಕೆ ಹೋಗಬೇಡಿ, ಹೇಳಿ ಅಷ್ಟೆ.

ಗುರುವಾರ ಪೈಪ್ ತೆಗೆಯೋಕೆ ಬೆಳಗ್ಗೆಯೇ ಕರ್ಕೊಂಡು ಹೋಗು, ಸಂಜೆ ಬೇಡ. ಮೂತ್ರ ಬರದಿದ್ದರೆ ಮಧ್ಯರಾತ್ರಿ ಒದ್ದಾಡೋದು ತಪ್ಪುತ್ತೆ. ತೆಗೆದ ಮೇಲೆ ಗಂಟೆಗೊಂದು ಲೋಟ ನೀರು ಸಾಕು, ಬೇಗ ಬರಲಿ ಅಂತ ಚೊಂಬುಗಟ್ಟಲೆ ಕುಡಿಸಬೇಡ. ಎಷ್ಟು ಹೋಯ್ತು ಅಂತ ಅಳೆದು, ಎಷ್ಟು ಉಳಿಯಿತು ಅಂತ ಸ್ಕ್ಯಾನ್ ಮಾಡಿಸು. 200 ಮಿಲಿಗಿಂತ ಕಡಿಮೆ ಉಳಿದರೆ ಸಾಮಾನ್ಯವಾಗಿ ಮನೆಗೆ ಕಳಿಸ್ತಾರೆ. ಆಗದಿದ್ದರೆ ಮತ್ತೆ ಪೈಪ್, ಮುಂದೆ ಟಿಯುಆರ್‌ಪಿ ಅನ್ನೋ ಆಪರೇಷನ್. ಹೊಟ್ಟೆ ಕೊಯ್ಯಲ್ಲ, ಮೂತ್ರದ ದಾರಿಯಲ್ಲೇ ಹೋಗಿ ಒಳಗಿನದನ್ನು ಕೆರೆದು ತೆಗೀತಾರೆ. ಬೆನ್ನಿಗೆ ಇಂಜೆಕ್ಷನ್, ಸುಮಾರು ಒಂದು ಗಂಟೆ. ತೆಗೆದ ಚೂರುಗಳನ್ನೂ ಪರೀಕ್ಷೆಗೆ ಕಳಿಸ್ತಾರೆ. ದುಡ್ಡಿನ ಚಿಂತೆ ನಿನಗೆ ಬೇಡ. ಬೆಂಗಳೂರಿನ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರಿಯದು, ಬೇಕಾದರೆ ಅಲ್ಲಿಗೇ ಹೋಗಿ. ಬಿಪಿಎಲ್ ಕಾರ್ಡು, ಆಧಾರ್ ಎರಡೂ ಜೊತೆಗಿರಲಿ.

ಅಪ್ಪ ಟವೆಲ್ಲಿನಲ್ಲಿ ಬ್ಯಾಗ್ ಮುಚ್ಚಿಕೊಂಡು ರೂಮಿನಿಂದ ಆಚೆ ಬರ್ತಿಲ್ಲ ಅಂತ ಬರೆದೆಯಲ್ಲ. ಇಲ್ಲಿನ ತಾತಂದಿರು ಚಡ್ಡಿ ಹಾಕಿಕೊಂಡು, ತೊಡೆಗೆ ಬ್ಯಾಗ್ ಕಟ್ಟಿಕೊಂಡು, ನಾಯಿ ಹಿಡಿದುಕೊಂಡು ಬೀದಿ ಸುತ್ತುತ್ತಾರೆ. ಕೇಳಿದರೆ ಇವತ್ತು ಎಷ್ಟು ಬಂತು ಅಂತಲೂ ಹೇಳ್ತಾರೆ! ದೊಡ್ಡ ಮೆಡಿಕಲ್ ಸ್ಟೋರಿನಲ್ಲಿ ಲೆಗ್ ಬ್ಯಾಗ್ ಅಂತ ಕೇಳು, ಪಂಚೆ ಒಳಗೆ ಗೊತ್ತೇ ಆಗಲ್ಲ. 2024ರ ಜನವರಿಯಲ್ಲಿ ಇಲ್ಲಿನ ರಾಜ ಚಾರ್ಲ್ಸ್‌ಗೂ ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ಅರಮನೆಯವರೇ ಊರಿಗೆಲ್ಲ ಸಾರಿದರು. ರಾಜನಿಗಿಲ್ಲದ ನಾಚಿಕೆ ನಮ್ಮಪ್ಪನಿಗೆ ಯಾಕೆ? ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ, ನಿಜ, ಆದರೆ ಈ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯಬೇಕು. ತಿಪಟೂರಿನಲ್ಲಿ ಅದೇ ದಿನ ಸ್ಕ್ಯಾನ್ ಆಯ್ತು ಅಂದರೆ ಇಲ್ಲಿಯವರು ನಂಬಲ್ಲ.

ಗಿರಿಜತ್ತೆಯ ಬಾಳೆದಿಂಡಿನ ರಸಕ್ಕೆ ಪ್ರಾಸ್ಟೇಟ್ ಕರಗಲ್ಲ. ಪಲ್ಯ ಮಾಡಿ, ನಾರು ಹೊಟ್ಟೆಗೆ ಒಳ್ಳೇದು. ಅಮ್ಮನಿಗೆ ಉರಿಮೂತ್ರ ಅಂತ ಕೊನೇ ಸಾಲಿನಲ್ಲಿ ಬರೆದಿದ್ದೀಯ. ಉಷ್ಣ ಅಂತ ಸುಮ್ಮನಿರಬೇಡ. ಹೆಂಗಸರ ಮೂತ್ರನಾಳ ಬರೀ 4 ಸೆಂಟಿಮೀಟರ್, ಸೋಂಕು ಬೇಗ ಏರುತ್ತೆ. ಅಪ್ಪನ ಆಂಟಿಬಯೋಟಿಕ್ ಅಮ್ಮನಿಗೆ ಕೊಡಬೇಡ, ಮೊದಲು ಯಾವ ಕ್ರಿಮಿ ಇದೆ ಅಂತ ನೋಡೋ ಯೂರಿನ್ ಕಲ್ಚರ್‌ಗೆ ಕೊಡಿಸು.

ಹೆದರಬೇಡಿ, ಧೈರ್ಯವಾಗಿರಿ ಅಂತ ಅಪ್ಪನಿಗೆ ಹತ್ತು ಸಲ ಹೇಳು. ನಾಳೆ ಬೆಳಗಿನ ಡ್ಯೂಟಿ, ಮಲಗಬೇಕು. ದುಡ್ಡು ಸೋಮವಾರ ಹಾಕ್ತೀನಿ. ಗುರುವಾರ ಎಷ್ಟು ಮಿಲಿ ಉಳೀತು ಅಂತ ತಕ್ಷಣ ಕಳಿಸು.

ನಿನ್ನ ಅಕ್ಕ