ಗರಗಸ ಹಿಡಿಯುವ ಮೊದಲು

ಶ್ರೀನಿವಾಸಪುರ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶಿವರಾತ್ರಿ ರಜೆಗೆ ಬಂದು ತೋಟವನ್ನೆಲ್ಲ ಸವರಿ ಚೊಕ್ಕಟ ಮಾಡುತ್ತೇನೆ ಅಂದೆಯಂತೆ, ನಿಮ್ಮಮ್ಮ ಹೇಳಿದಳು. ಕೇಳಿ ಬಹಳ ಸಂತೋಷವಾಯಿತು. ಆದರೆ ಯಾವ ಗಿಡದ ಹೂವು ಯಾವ ಕೊಂಬೆಯಲ್ಲಿ ಬರುತ್ತದೆ ಅಂತ ತಿಳಿಯದೆ ಕತ್ತರಿ ಹಾಕಬೇಡಪ್ಪ.

ಮಾವನ್ನೇ ತಗೋ. ಕಳೆದ ಮಳೆಗಾಲದಲ್ಲಿ ಚಿಗುರಿ ಬಲಿತ ರೆಂಬೆಯ ತುದಿಯಲ್ಲೇ ಅದರ ಹೂವು. ಈಗ ತುದಿ ಕತ್ತರಿಸಿದರೆ ಈ ವರ್ಷದ ಕಾಯಿ ಹೋಯಿತು ಅಂತಲೇ ಅರ್ಥ. ಅದನ್ನು ಸವರುವುದು ಕೊಯ್ಲು ಮುಗಿದ ಮೇಲೆ. ಹೂವು ತುಂಬಿರುವಾಗ ಔಷಧಿಯನ್ನೂ ಹೊಡೆಯಬೇಡ, ಪರಾಗ ಸೇರಿಸುವ ನೊಣ, ಜೇನು ಸಾಯುತ್ತವೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದಮೇಲೆ ನೀರು ಕೊಡು, ಸಾಕು.

ಬದನಿಕೆ ಮಾತ್ರ ಕಂಡ ಕೂಡಲೇ ತೆಗೆ. ಅದು ಕೊಂಬೆಯ ಮೇಲೇ ಬೆಳೆದು ಮರದ ರಸ ಹೀರಿ ಬದುಕುವ ಗಿಡ. ಮೇಲಿನ ಸೊಪ್ಪು ಕಿತ್ತರೆ ಮತ್ತೆ ಚಿಗುರುತ್ತದೆ, ಬೇರು ಕೊಂಬೆಯೊಳಗೇ ಇರುತ್ತದಲ್ವಾ? ಅಂಟಿದ ಜಾಗದಿಂದ ಒಂದಡಿ ಕೆಳಗೆ ಕೊಂಬೆಯನ್ನೇ ಕತ್ತರಿಸು. ಹಣ್ಣಾಗಲು ಬಿಟ್ಟರೆ ಹಕ್ಕಿಗಳು ಬೀಜವನ್ನು ಪಕ್ಕದ ಮರಕ್ಕೂ ಹಚ್ಚುತ್ತವೆ.

ಸೀಬೆ, ದಾಸವಾಳ ಹಾಗಲ್ಲ. ಹೊಸ ಚಿಗುರಿನಲ್ಲೇ ಅವುಗಳ ಹೂವು, ಹಾಗಾಗಿ ಈಗ ಸವರಬಹುದು. ಕರಿಬೇವಿನ ತುದಿ ಚಿವುಟಿದರೆ ಪಕ್ಕದಿಂದ ಜಾಸ್ತಿ ಒಡೆಯುತ್ತದೆ. ಮಲ್ಲಿಗೆಯೂ ಹೊಸ ಚಿಗುರಿನದೇ, ಆದರೆ ಮೊಗ್ಗು ಕಾಣಿಸಿದ್ದರೆ ಕೈ ಹಾಕಬೇಡ. ಸಪೋಟದ ಕಸಿ ಗಂಟಿನ ಕೆಳಗಿಂದ ಎದ್ದ ಚಿಗುರನ್ನು ತೆಗೆದುಬಿಡು.

ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕೊಯ್ದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ ಕೆಳಗಿನಿಂದ ಕಾಲುಭಾಗ ಕೊಯ್ಯಿ. ಅದಕ್ಕಿಂತ ಒಂಚೂರು ಆಚೆ ಮೇಲಿನಿಂದ ಕೊಯ್ದು ಬೀಳಿಸು. ಉಳಿದ ಮೋಟನ್ನು ಕೊನೆಗೆ ತೆಗೆ. ಕೊಂಬೆ ಕಾಂಡಕ್ಕೆ ಸೇರುವ ಉಬ್ಬನ್ನು ಉಳಿಸು, ಗಾಯ ಮುಚ್ಚುವುದು ಅಲ್ಲಿಂದಲೇ.

ಗಾಯಕ್ಕೆ ಬೂಷ್ಟು ಹತ್ತದಂತೆ ಬೋರ್ಡೋ ಪೇಸ್ಟ್ ಅನ್ನುವ ಲೇಪ ಹಚ್ಚು. 100 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧ ಲೀಟರ್ ನೀರಿಗೆ ಕರಗಿಸು. 100 ಗ್ರಾಂ ಸುಣ್ಣವನ್ನು ಬೇರೆ ಅರ್ಧ ಲೀಟರಿನಲ್ಲಿ ಕಲಸಿ, ಎರಡನ್ನೂ ಸೇರಿಸು. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡು. ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಅವತ್ತಿನದು ಅವತ್ತೇ ಬಳಸು.

ಇನ್ನು ತರಗೆಲೆ. ದಯವಿಟ್ಟು ಬೆಂಕಿ ಇಡಬೇಡ. ನಮ್ಮ ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಇರುವುದು ಕೊಳವೆಬಾವಿಯ ನೀರು. ಆ ಎಲೆಯನ್ನು ಬುಡದ ಸುತ್ತ ಹರಡಿದರೆ ಏಪ್ರಿಲ್ ಬಿಸಿಲಿಗೂ ಮಣ್ಣಿನ ತೇವ ಬೇಗ ಆರುವುದಿಲ್ಲ. ಸುಮ್ನೆ ಸುಟ್ಟು ಬೂದಿ ಮಾಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕಾಂಡದಿಂದ ಗೇಣು ಜಾಗ ಬಿಟ್ಟು ಹರಡು, ಗೆದ್ದಲು ಹತ್ತೀತು. ರೋಗ ಬಂದ ಎಲೆ, ಮರದಲ್ಲೇ ಒಣಗಿದ ಕಾಯಿ ಮಾತ್ರ ಬೇರೆ ಮಾಡಿ ದೂರದಲ್ಲಿ ಹೂತುಬಿಡು.

ಏಣಿ ಹತ್ತುವಾಗ ಕೆಳಗೆ ಹಿಡಿಯಲು ಒಬ್ಬರು ಇರಲಿ. ಮೈಲುತುತ್ತ ಇಲ್ಲೇ ತಂದಿಟ್ಟಿರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ