ಗೋಲಗುಮ್ಮಟದ ಕಿರುಚಿತ್ರ: ರೆಂಡರ್‌ಗೆ ಹಾಕುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ನಮ್ಮ ಗೋಲಗುಮ್ಮಟದ ಮಾಡೆಲ್ ತುಂಬಾ ಚೆನ್ನಾಗಿ ಬಂದಿದೆ. ಇನ್ನು ಕ್ಯಾಮೆರಾ ಕೆಲಸ, ಆಮೇಲೆ ರೆಂಡರ್, ಅಂದ್ರೆ ಕಂಪ್ಯೂಟರ್ ಒಂದೊಂದೇ ಫ್ರೇಮನ್ನು ಪೂರ್ತಿ ಚಿತ್ರವಾಗಿ ತಯಾರಿಸುವುದು.

ದಯವಿಟ್ಟು ಕ್ಯಾಮೆರಾವನ್ನು ಮೇಲೆಲ್ಲ ಹಾರಿಸಬೇಡಿ. ಮೇಲಿಂದ ನೋಡಿದರೆ 44 ಮೀಟರ್ ಅಗಲದ ಗುಮ್ಮಟವೂ ಆಟಿಕೆ ಥರ ಕಾಣುತ್ತದೆ. ನೆಲದಿಂದ 1.6 ಮೀಟರ್, ಅಂದ್ರೆ ನಮ್ಮ ಕಣ್ಣಿನ ಎತ್ತರಕ್ಕೆ ಇಡಿ. ಬಾಗಿಲಿನಿಂದ ನಿಧಾನಕ್ಕೆ ಒಳಗೆ ಬರಲಿ, ಆಮೇಲೆ ತಲೆ ಎತ್ತಲಿ. ಅಷ್ಟು ದೊಡ್ಡ ಜಾಗದ ನಡುವೆ ಒಂದೂ ಕಂಬ ಇಲ್ಲ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಕೆಳಗಿನ ಚೌಕವನ್ನು ಮೇಲೆ ದುಂಡಗೆ ಮಾಡುತ್ತವೆ. ಗುಮ್ಮಟದ ಭಾರ ಗೋಡೆಗೆ ಇಳಿಯುವುದೂ ಅಲ್ಲಿಂದಲೇ. ಇಡೀ ಚಿತ್ರದ ಜೀವ ಈ ಶಾಟ್. 15 ಸೆಕೆಂಡಾದರೂ ಕೊಡಿ, ಗಡಿಬಿಡಿ ಬೇಡ.

ಬಿಸಿಲಿಗೆ, ಊರಿಗೆ ತಕ್ಕಂತೆ ಸೂರ್ಯನನ್ನು ಕೂರಿಸುವ ಸನ್ ಪೊಸಿಷನ್ ಆಡ್‌ಆನ್‌ನಲ್ಲಿ ವಿಜಯಪುರದ ಅಕ್ಷಾಂಶ 16.83, ರೇಖಾಂಶ 75.7 ಹಾಕಿ. ಒಳಗೆ ಕತ್ತಲೆ ಜಾಸ್ತಿ ಅನ್ನಿಸಿದರೆ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ, ಸುಮ್ನೆ ಲೈಟ್ ಸೇರಿಸಬೇಡಿ. ಅಲ್ಲಿ ಬೆಳಕು ಇರೋದೇ ಹಾಗೆ ಅಲ್ವಾ. ಗಾರೆ ಹೊಳೆಯಬಾರದು, ರಫ್‌ನೆಸ್ ಜಾಸ್ತಿ ಇರಲಿ.

ಸೆಕೆಂಡಿಗೆ 24 ಫ್ರೇಮ್ ಅಂದ್ರೆ ಒಂದು ನಿಮಿಷದ ಚಿತ್ರಕ್ಕೆ 1440. ಒಂದು ಫ್ರೇಮಿಗೆ 5 ನಿಮಿಷ ಹಿಡಿದರೂ ಒಂದು ಕಂಪ್ಯೂಟರಿಗೆ 5 ದಿನದ ಕೆಲಸ. ಹಾಗಾಗಿ ಮೊದಲು ವ್ಯೂಪೋರ್ಟ್ ಪ್ರಿವ್ಯೂ, ಅಂದ್ರೆ ಬೇಗ ಆಗುವ ಕಚ್ಚಾ ವಿಡಿಯೋ ತೆಗೆದು ಗುಂಪಿಗೆ ಹಾಕಿ, ಎಲ್ಲರೂ ನೋಡೋಣ. ಆಮೇಲೆ ರೆಂಡರ್. ಅದನ್ನು ನೇರವಾಗಿ ವಿಡಿಯೋ ಮಾಡಬೇಡಿ, ಪಿಎನ್‌ಜಿ ಚಿತ್ರಗಳಾಗಿ ಉಳಿಸಿ. ನಡುವೆ ಕರೆಂಟ್ ಹೋದರೂ ನಿಂತ ಫ್ರೇಮಿನಿಂದಲೇ ಮುಂದುವರಿಸಬಹುದು.

ಪ್ರಿವ್ಯೂ ಭಾನುವಾರ ಸಂಜೆಯೊಳಗೆ ಬರಲಿ.