ಟಿಡಿಎಸ್ ಮೀಟರ್‌ಗೆ ಫ್ಲೋರೈಡ್ ಕಾಣದು

ಮಾನ್ಯರೇ,

ಚಿತ್ರದುರ್ಗ ಜಿಲ್ಲೆಯ ಶುದ್ಧ ನೀರಿನ ಘಟಕಗಳಲ್ಲಿ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ ತೋರಿಸುವ ಸಾಧನ) ಅದ್ದಿ ‘ಕುಡೀಬಹುದು’ ಎಂದರೆ ಸಾಲದು. ಆ ಮೀಟರ್, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಪ್ರತ್ಯೇಕವಾಗಿ ಅಳೆಯುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೂ ಅದು ಹೋಗದು, ನೀರು ಆವಿಯಾದಷ್ಟೂ ಗಾಢವಾಗುತ್ತದೆ.

ಘಟಕ ಕೆಡುವುದು ಬಹುತೇಕ ಸಣ್ಣ ಉದಾಸೀನದಿಂದ. ನೀರಿನ ಕೆಸರು ಸೋಸುವ 5 ಮೈಕ್ರಾನ್ ಕಾರ್ಟ್ರಿಜ್ ಕೆಸರು ಕಟ್ಟಿ ಕಂದುಬಣ್ಣಕ್ಕೆ ತಿರುಗಿದರೂ ಬದಲಿಸುವುದಿಲ್ಲ. ಸುಣ್ಣ ಕಟ್ಟದಂತೆ ತಡೆಯುವ ಆ್ಯಂಟಿಸ್ಕೇಲೆಂಟ್ ದ್ರಾವಣ ಮುಗಿದರಂತೂ ಗಡಸು ನೀರಿನ ಸುಣ್ಣ ಲವಣ ಸೋಸುವ ಪೊರೆಯ (ಮೆಂಬ್ರೇನ್) ಮೇಲೆ ಗಟ್ಟಿಯಾಗಿ ಕೂರುತ್ತದೆ. ಕಾರ್ಟ್ರಿಜ್ ಕಾಸು ಉಳಿಸಲು ಹೋಗಿ ದುಬಾರಿ ಮೆಂಬ್ರೇನ್ ಹಾಳು! ಘಟಕ ಹೊರಹಾಕುವ, ಲವಣ ಗಾಢವಾದ ತಿರಸ್ಕೃತ ನೀರನ್ನು ಅದೇ ಕೊಳವೆಬಾವಿಯ ಪಕ್ಕ ಬಿಡುವುದು ಇನ್ನೊಂದು ಅವಿವೇಕ.

ಮಾಲಿನ್ಯರಹಿತ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಪಂಚಾಯಿತಿಗಳು ಫ್ಲೋರೈಡ್ ಪ್ರಮಾಣ, ಪರೀಕ್ಷೆಯ ದಿನಾಂಕ, ಕಾರ್ಟ್ರಿಜ್ ಬದಲಿಸಿದ ದಿನವನ್ನು ಘಟಕದ ಗೋಡೆಯ ಮೇಲೆ ಬರೆಸಲಿ.

— ನೀರು ಬಳಕೆದಾರರು, ಚಿತ್ರದುರ್ಗ